ನಾಲ್ಕು ಮಣದ ಸವಾರಿ

ಮದುವೆಯಾದ ಎರಡನೆಯ ವರ್ಷ ನಮ್ಮ ಯಜಮಾನರು ನನ್ನನ್ನು ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಕರೆದುಕೊಂಡು ಹೋಗಿ, ತಕ್ಕಡಿಯಲ್ಲಿ ಕೂರಿಸಿ ತೂಗಿಸಿದರು. ಬೆಳಿಗ್ಗೆ ಭದ್ರಾವತಿಯಲ್ಲಿ ರೈಲು ಹತ್ತುವಾಗ ಸೀರೆ ಕೊಡಿಸುತ್ತಾರೇನೋ ಅಂದುಕೊಂಡಿದ್ದೆ. ಸೀರೆಯಂಗಡಿಗಳನ್ನೆಲ್ಲ ದಾಟಿ ನೇರ ಮಂಡಿಗೆ ನಡೆದರು.

ಅದು ಮೂಟೆಗಳನ್ನು ತೂಗುವ ದೊಡ್ಡ ತಕ್ಕಡಿ. ಮೇಲಿನ ತೊಲೆಯಿಂದ ಸರಪಳಿ ಇಳಿಬಿಟ್ಟಿದ್ದರು, ಎರಡು ಕಡೆಗೂ ಹಲಗೆ. ಒಂದರ ಮೇಲೆ ನಾನು ಸೆರಗು ಬಿಗಿಹಿಡಿದು ಕೂತೆ. ಇನ್ನೊಂದರ ಮೇಲೆ ಹಮಾಲರು ತೂಕದ ಕಲ್ಲು ಪೇರಿಸತೊಡಗಿದರು. ಮಂಡಿಯ ಗುಮಾಸ್ತರು ಕನ್ನಡಕ ಮೇಲೇರಿಸಿ ನೋಡಿದರು.

"ತುಲಾಭಾರದ ಹರಕೆಯಾ? ಯಾವ ದೇವರಿಗೆ?"

"ದೇವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಮೊದಲು ತೂಕ ಗೊತ್ತಾಗ್ಲಿ" ಅಂದರು ನಮ್ಮ ಯಜಮಾನರು.

"ನಾಲ್ಕು ಮಣಕ್ಕೆ ಎರಡು ಸೇರು ಕಮ್ಮಿ" ಎಂದು ಹಮಾಲರು ಹೇಳಿದಾಗ ಯಜಮಾನರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಆಗಿನ ನಮ್ಮ ಕಡೆಯ ನಾಲ್ಕು ಮಣ ಎಂದರೆ ಈಗಿನ ನಲವತ್ತೈದು ಕಿಲೋ. ನಮ್ಮ ಜೊತೆಗೆ ಅತ್ತೆಯೂ ಬಂದಿದ್ದರು. ಸೊಸೆಯನ್ನು ತೂಗಿದ ಮೇಲೆ ತಮ್ಮನ್ನು ಬಿಡುವುದೇ ಎಂದು ಅವರೂ ಹಲಗೆ ಹತ್ತಿದರು. ಆರೂವರೆ ಮಣ ಬಂತು. "ನಿಮ್ಮ ಕಲ್ಲೇ ಸರಿ ಇಲ್ಲ" ಎಂದು ಗುಮಾಸ್ತರಿಗೆ ಹೇಳಿ ಇಳಿದರು.

ಈ ತೂಕ ಯಾಕೆ ಬೇಕಾಯಿತು ಎಂಬುದನ್ನು ನಾಲ್ಕು ತಿಂಗಳು ಹಿಂದಿನಿಂದ ಹೇಳಬೇಕು. ಸಾವಿರದ ಒಂಬೈನೂರ ಮೂವತ್ತು ಕಳೆದು ಒಂದೆರಡು ವರ್ಷವಾಗಿರಬಹುದು. ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮರಗೆಲಸದ ಮೇಸ್ತ್ರಿ. ಕಬ್ಬಿಣದ ಕಾರ್ಖಾನೆಯಲ್ಲಿ ಮರಗೆಲಸ ಏನು ಎಂದು ಎಲ್ಲರೂ ಕೇಳುತ್ತಾರೆ. ಚಕ್ರವೋ ಕೊಳವೆಯೋ ಯಾವುದನ್ನು ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಸುರಿಯುತ್ತಾರೆ. ಹಾಗಾಗಿ ಅವರು ಕೂದಲೆಳೆ ಲೆಕ್ಕದಲ್ಲಿ ಕೆತ್ತಿ ನುಣುಪು ಮಾಡಿದ್ದೆಲ್ಲ ಕೊನೆಗೆ ನಾಲ್ಕು ಜನ ಸೇರಿದರೂ ಎತ್ತಲಾಗದ ಭಾರವಾಗಿ ನೆಲದ ಮೇಲೆ ಕೂರುತ್ತಿತ್ತು. ಇದು ಅವರ ಮನಸ್ಸಿನಲ್ಲಿ ಒಳಗೊಳಗೇ ಕೊರೆಯುತ್ತಿತ್ತೋ ಏನೋ, ನನಗೆ ತಿಳಿಯದು. ಅವರು ಮಾತು ಕಡಿಮೆಯ ಮನುಷ್ಯ, ಅಳತೆ ಜಾಸ್ತಿ. ದೋಸೆ ಹುಯ್ದರೆ ಅದು ವೃತ್ತ ಹೌದೋ ಅಲ್ಲವೋ ಎಂದು ನೋಡಿ ತಿನ್ನುತ್ತಿದ್ದರು.

ಒಂದು ದಿನ ವಾಚನಾಲಯದಿಂದ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ ತಂದರು. ರದ್ದಿಗೆ ಹಾಕಲಿದ್ದದ್ದನ್ನು ಕೇಳಿ ಇಸಕೊಂಡಿದ್ದರು. ಅದರಲ್ಲಿ ಜರ್ಮನಿಯವನೊಬ್ಬ ಎಂಜಿನ್ನೇ ಇಲ್ಲದ ಮರದ ವಿಮಾನದಲ್ಲಿ ಗುಡ್ಡದಿಂದ ತೇಲಿಹೋಗುವ ಚಿತ್ರವಿತ್ತು. ಕೆಳಗಿನ ಚಿತ್ರದಲ್ಲಿ ಅಂಥದೇ ವಿಮಾನಕ್ಕೆ ಬಾಣಬಿರುಸಿನ ಕೊಳವೆಗಳನ್ನು ಕಟ್ಟಿ ಹಾರಿಸುತ್ತಿದ್ದರು. ಕಾರ್ಖಾನೆಯ ಗುಮಾಸ್ತರೊಬ್ಬರಿಂದ ಅದರ ಅರ್ಥ ಹೇಳಿಸಿಕೊಂಡು ಬಂದರು. ಏರುವುದು ಹೇಗೆ ಎಂಬುದು ಪೂರ್ತಿಯಾಗಿ ಇತ್ತಂತೆ. ಇಳಿಯುವುದು ಹೇಗೆ ಎಂಬುದು ಮುಂದಿನ ಪುಟದಲ್ಲಿ ಎಂದು ಬರೆದಿತ್ತಂತೆ. ಮುಂದಿನ ಪುಟ ಸಿಕ್ಕಿರಲಿಲ್ಲ.

"ಇಳಿಯೋದಕ್ಕೆ ಪುಸ್ತಕ ಯಾಕೆ ಬೇಕು?" ಅಂದರು. "ಮೇಲೆ ಹೋಗಿದ್ದು ಇಳಿದೇ ಇಳಿಯುತ್ತೆ."

ಜನ್ನಾಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ ಕೆಲಸ ಶುರುವಾಯಿತು. ಬಿದಿರು ಸೀಳಿ, ಕಾಯಿಸಿ ಬಗ್ಗಿಸಿ ರೆಕ್ಕೆಯ ಎಲುಬುಗಳನ್ನು ಮಾಡಿದರು. ಅದರ ಮೇಲೆ ತೆಳ್ಳನೆಯ ಮಲ್ಲು ಬಟ್ಟೆ. ಹೊಲಿಗೆ ನನ್ನದು, ಅತ್ತೆಯದು. ಬಟ್ಟೆಯ ಸಂದಿನಲ್ಲಿ ಗಾಳಿ ನುಸುಳಬಾರದು, ಬಿಗಿಯಾಗಿ ಒಣಗಬೇಕು. ಅದಕ್ಕೆ ಏನು ಬಳಿಯುವುದು ಎಂದು ಅವರು ಎರಡು ದಿನ ಯೋಚಿಸಿದರು. ಕಂಬಳಿ ನೇಯುವವರು ಹುಣಸೆ ಬೀಜದ ಅಂಟು ಬಳಿಯುತ್ತಾರಲ್ಲ ಎಂದು ಅತ್ತೆ ಹೇಳಿದರು. ಆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಬಳಿದೆವು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬಂತು. ಯಜಮಾನರು ಆ ಸಂಜೆ ಊಟ ಮಾಡುವುದನ್ನೂ ಬಿಟ್ಟು ತಟ್ಟುತ್ತಾ ನಿಂತಿದ್ದರು.

ರೆಕ್ಕೆಗಳನ್ನು ಊರಾಚೆ ಕೊಯ್ಲಾದ ಗದ್ದೆಗೆ ಸಾಗಿಸಿದೆವು. ಆ ಗದ್ದೆಯ ಗೌಡರಿಗೆ ಯಜಮಾನರು ಹಿಂದೆ ಒಂದು ಗಾಡಿ ಮಾಡಿಕೊಟ್ಟಿದ್ದರು, ಆ ಸಲಿಗೆ. ಗದ್ದೆ ಮೇಲಿನ ದಿಬ್ಬದಿಂದ ಸಣ್ಣಗೆ ಇಳಿಜಾರಾಗಿ ಬಂದು ಕಾಲುವೆಯ ರಸ್ತೆ ಮುಟ್ಟುತ್ತಿತ್ತು. ಬಲಗಡೆಗೆ ಗೌಡರದೇ ಕಬ್ಬು. ವಿಮಾನ ಎಂದರೆ ದೊಡ್ಡದೇನಲ್ಲ. ಎರಡು ರೆಕ್ಕೆ, ಹಿಂದೊಂದು ಬಾಲ, ನಡುವೆ ಕೂರಲು ಹಲಗೆ, ಅಡಿಯಲ್ಲಿ ಜಾರುವುದಕ್ಕೆ ಎರಡು ಬಾಗಿದ ಮರ. ಮೊದಲನೆಯ ದಿನ ಗೌಡರ ಎತ್ತು ಬಂದು ಎಡಗಡೆಯ ರೆಕ್ಕೆಯನ್ನು ನೆಕ್ಕಿತು. ರುಚಿ ಹಿಡಿಸಿತೋ ಏನೋ, ನಾವು ಓಡಿ ಬರುವಷ್ಟರಲ್ಲಿ ಒಂದು ಮೊಳ ತಿಂದು ಮುಗಿಸಿತ್ತು. ಗೌಡರು ಬೇಸರದಿಂದ, "ಹುಣಸೆ ಬೀಜ ಅದಕ್ಕೆ ಹಿಂಡಿ ಇದ್ದ ಹಾಗೆ. ತಟ್ಟೇಲಿ ಹಾಕಿಟ್ಟು ತಿನ್ಬೇಡ ಅಂದ್ರೆ ಹೆಂಗೆ ಮೇಸ್ತ್ರಿ?" ಅಂದರು. ಮತ್ತೆ ಬಟ್ಟೆ ಹೊಲಿದು, ಈ ಸಲ ಅಂಟಿಗೆ ಬೇವಿನ ಎಣ್ಣೆ ಬೆರೆಸಿದೆ. ಆಮೇಲೆ ಯಾವ ದನವೂ ಹತ್ತಿರ ಬರಲಿಲ್ಲ. ಮನುಷ್ಯರೂ ಸ್ವಲ್ಪ ದೂರದಲ್ಲೇ ನಿಲ್ಲುತ್ತಿದ್ದರು.

ಮೊದಲ ಪರೀಕ್ಷೆಗೆ ಅದೇ ಜೋಡಿ ಎತ್ತುಗಳಿಗೆ ಹಗ್ಗ ಕಟ್ಟಿ, ಎಳೆಸಿ, ವೇಗ ಬಂದಾಗ ಮೇಲೇರುವುದು ಎಂದು ಯೋಚನೆ. ಯಜಮಾನರು ಹಲಗೆಯ ಮೇಲೆ ಕೂತರು. ಎತ್ತುಗಳು ನಿಧಾನವಾಗಿ ನಾಲ್ಕು ಹೆಜ್ಜೆ ನಡೆದವು. ಆಮೇಲೆ ಹಿಂದೆ ಏನೋ ಬರುತ್ತಿದೆ ಎಂದು ತಿರುಗಿ ನೋಡಿದವು. ಅಷ್ಟು ದೊಡ್ಡ ರೆಕ್ಕೆ ಬಿಚ್ಚಿಕೊಂಡು ಬೇವಿನೆಣ್ಣೆ ನಾರುವ ವಸ್ತು ತಮ್ಮ ಬೆನ್ನು ಹತ್ತಿದ್ದನ್ನು ಕಂಡು ಓಡಿದವು. ಆದರೆ ಇಳಿಜಾರಿನ ಕಡೆಗಲ್ಲ, ಮನೆಯ ಕಡೆಗೆ. ಯಜಮಾನರು ಮೂರು ಬದು ಹಾರಿ, ಕೊಟ್ಟಿಗೆಯ ಬಾಗಿಲಿನ ತನಕ ಹೋಗಿ, ರೆಕ್ಕೆ ಒಳಗೆ ಹಿಡಿಸದೆ ನಿಂತರು.

ಎರಡನೆಯ ಸಲ ಕಾರ್ಖಾನೆಯ ಜೊತೆಗಾರರು ಹನ್ನೆರಡು ಜನ ಹಗ್ಗ ಹಿಡಿದು ಓಡಿದರು. ವಿಮಾನ ನೆಲದಿಂದ ಒಂದು ಗೇಣು ಎದ್ದು ದೊಪ್ಪನೆ ಕೂತಿತು. ಮತ್ತೆ ಓಡಿದರು, ಮತ್ತೆ ಕೂತಿತು. ತಮ್ಮದೇ ಭಾರ ಹೆಚ್ಚಾಯಿತು ಎಂದು ಯಜಮಾನರಿಗೆ ಹೊಳೆದು, ಕೆಳಗಿಳಿದು, ಗೌಡರ ಮನೆಯಿಂದ ಒಂದು ಭತ್ತದ ಮೂಟೆ ತರಿಸಿ ಹಲಗೆಗೆ ಕಟ್ಟಿದರು. ನಾಲ್ಕು ಮಣದ ಮೂಟೆ. ಈ ಸಲ ಹನ್ನೆರಡು ಜನ ಎಳೆದದ್ದೇ ತಡ, ವಿಮಾನ ಸರ್ರನೆ ಎದ್ದು ಅವರ ತಲೆಯ ಮೇಲಿಂದ ಹೋಗಿ, ಮೂಟೆಯೊಂದಿಗೆ ಗದ್ದೆಯ ಅರ್ಧ ದೂರ ತೇಲಿ, ಬಣವೆಗೆ ತಾಗಿ ನಿಂತಿತು. ಗೌಡರೇ ಮೊದಲು ಮಾತಾಡಿದರು.

"ನಲವತ್ತು ವರ್ಷದಿಂದ ಭತ್ತ ಬೆಳೀತಿದ್ದೀನಿ. ಹಾರಿದ್ದು ಇದೇ ಮೊದಲು."

ಆ ದಿನ ಹಗ್ಗ ಎಳೆದವರೆಲ್ಲ ಅದೇ ಮಾತಾಡುತ್ತ ಮೈಮರೆತು ಪಾಳಿಗೆ ತಡವಾಗಿ ಹೋದರು. ಕಾರ್ಖಾನೆಯ ದೊಡ್ಡ ಎಂಜಿನಿಯರು ಯಜಮಾನರನ್ನು ಕರೆಸಿ, ಇನ್ನು ಮುಂದೆ ಕೆಲಸಗಾರರು ಯಾರೂ ಹಗ್ಗ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಹೀಗೆ ಏಕಕಾಲಕ್ಕೆ ಎರಡು ಕೊರತೆ ಬಂದವು. ಎಳೆಯುವವರಿಲ್ಲ, ಮತ್ತು ಕೂರುವುದಕ್ಕೆ ನಾಲ್ಕು ಮಣದವರು ಬೇಕು. ಮಂಡಿಯ ತಕ್ಕಡಿಯಿಂದ ಎರಡನೆಯದು ನೀಗಿತು. ಮೊದಲನೆಯದಕ್ಕೆ ಅಲ್ಲಿಂದ ನೇರ ನಮ್ಮಿಬ್ಬರನ್ನೂ ಬಾಣದ ಸಾಬರ ಮನೆಗೆ ಕರೆದೊಯ್ದರು.

ಶಿವಮೊಗ್ಗದಲ್ಲಿ ಉತ್ಸವಗಳಿಗೆಲ್ಲ ಬಾಣಬಿರುಸು ಮಾಡುತ್ತಿದ್ದ ವಯಸ್ಸಾದ ಕಸುಬುದಾರರು ಅವರು. ಮದ್ದಿನ ಕೆಲಸದಲ್ಲಿ ಎಡಗೈಯ ಒಂದು ಬೆರಳಿನ ತುದಿ ಹೋಗಿತ್ತು. ಯಜಮಾನರು ತೋರಿಸಿದ ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಮೇಸ್ತ್ರಿ, ನಾನು ಮೇಲೆ ಹೋಗೋ ಬಾಣ ಮಾಡಿದ್ದೀನಿ. ಅಡ್ಡ ಹೋಗೋ ಬಾಣ ಮಾಡಿಲ್ಲ. ಮೇಲೆ ಹೋಗಿದ್ದು ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ. ಅಡ್ಡ ಹೋಗಿದ್ದು ಎಲ್ಲಿಗೆ ಹೋಯ್ತು ಅಂತ ಎಲ್ಲರೂ ಕೇಳ್ತಾರೆ."

"ಗದ್ದೇಲಿ ಯಾರೂ ಇರಲ್ಲ ಸಾಬರೇ."

"ಕೂರೋರು ಯಾರು?"

ಯಜಮಾನರು ನನ್ನ ಕಡೆ ತೋರಿಸಿದರು. ನನಗೆ ವಿಷಯ ತಿಳಿದದ್ದು ಹೀಗೆ. ಸಾಬರು ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ, ಅತ್ತೆ ಮಗನನ್ನು ನೋಡಿದರು.

"ಇವಳಿಗೆ ಏನಾದ್ರೂ ಆದ್ರೆ ಇವಳ ಅಪ್ಪನಿಗೆ ಮುಖ ತೋರಿಸೋಳು ನಾನು ಕಣೋ. ನನ್ನನ್ನ ಕೂರಿಸು" ಅಂದರು ಅತ್ತೆ.

"ನೀನು ಆರೂವರೆ ಮಣ ಅಮ್ಮ."

"ಅದು ಅವನ ಕಲ್ಲು."

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಆ ಭತ್ತದ ಮೂಟೆಗೆ ಏನಾಯ್ತು?"

"ಮೂಟೆಗೆ ಏನೂ ಆಗ್ಲಿಲ್ಲ" ಅಂದರು ಯಜಮಾನರು. "ಹೊಲಿಗೆ ಬಿಟ್ಟಿತ್ತು, ಅಷ್ಟೆ."

ನಾನು ಯಾಕೆ ಒಪ್ಪಿಕೊಂಡೆ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಗಂಡನ ಮಾತು ಮೀರಬಾರದು ಎಂದು ಒಪ್ಪಿದೆ ಅಂತ ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ. ನಿಜ ಹಾಗಿಲ್ಲ. ಮೂರು ತಿಂಗಳು ಕೈಯಾರೆ ಹೊಲಿದು ಬಳಿದ ರೆಕ್ಕೆ, ಮೂಟೆಯನ್ನು ಹೊತ್ತು ಅಷ್ಟು ಸಲೀಸಾಗಿ ಎದ್ದದ್ದನ್ನು ನೋಡಿದಾಗ ನನಗೆ ಆ ಮೂಟೆಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು.

ಮುಂದಿನ ವಾರ ಸಾಬರು ಮೂರು ಬಾಣದ ಕೊಳವೆ ತಂದರು. ಮೊಳದುದ್ದದ ದಪ್ಪ ಬಿದಿರು, ಸುತ್ತ ಬಿಗಿದ ನಾರು, ಒಳಗೆ ಗಟ್ಟಿಸಿದ ಮದ್ದು. ಅದರ ಬಲ ಎಷ್ಟು ಎಂದು ಅಳೆಯದೆ ಯಜಮಾನರು ಮುಂದೆ ಹೋಗುವವರಲ್ಲ. ಹಿತ್ತಿಲಿನಲ್ಲಿ ನೆಟ್ಟ ಗೂಟಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದರ ಕೊಕ್ಕೆಗೆ ಒಂದು ಕೊಳವೆಯನ್ನು ಅಡ್ಡವಾಗಿ ಕಟ್ಟಿ, ಬತ್ತಿಗೆ ಬೆಂಕಿ ಇಟ್ಟರು. ತಕ್ಕಡಿಯ ಮುಳ್ಳು ಕೊನೆ ಮುಟ್ಟಿದ್ದನ್ನು ಮಾತ್ರ ಅವರು ನೋಡಿದರು. ಅಷ್ಟರಲ್ಲಿ ಗೂಟವೇ ಕಿತ್ತುಬಂದು, ಕೊಳವೆ, ತಕ್ಕಡಿ ಎಲ್ಲ ಒಟ್ಟಾಗಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿ, ಅತ್ತೆಯ ಒದ್ದೆ ಸೀರೆಯನ್ನು ಎಳೆದುಕೊಂಡು ಬೇಲಿ ದಾಟಿ, ಆಚೆ ಮನೆಯ ಹೆಂಚಿನ ಮೇಲೆ ಬಿತ್ತು. ಸೀರೆ ಒದ್ದೆಯಿದ್ದದ್ದರಿಂದ ಬೆಂಕಿ ಅಲ್ಲಿಗೇ ಆರಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬಲ ಎಷ್ಟು ಬಂತಪ್ಪಾ?"

"ಸಾಕಷ್ಟಿದೆ ಅಮ್ಮ" ಅಂದರು ಯಜಮಾನರು, ಮತ್ತು ಅಳತೆ ಬರೆಯುವ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು.

ಭಾನುವಾರ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ನಾನು ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆಗೆ ಯಜಮಾನರ ಪಂಚೆ ಬಿಗಿದು ಹಲಗೆಯ ಮೇಲೆ ಕೂತೆ. ನಡುವಿಗೆ ಹಗ್ಗ ಕಟ್ಟಿದರು. ಕೈಗೆ ಒಂದು ಕೋಲು ಕೊಟ್ಟರು. ಹಿಂದಕ್ಕೆ ಎಳೆದರೆ ಏರುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಪಕ್ಕಕ್ಕೆ ತಿರುಗಿಸಲು ಏನೂ ಇರಲಿಲ್ಲ, ನೇರ ಹೋಗುವುದಷ್ಟೇ ಲೆಕ್ಕ. ಎರಡು ರೆಕ್ಕೆಗಳ ಕೆಳಗೂ ಒಂದೊಂದು ಕೊಳವೆ. ತಳ್ಳುವುದಕ್ಕೆ ಗೌಡರ ಆಳುಗಳು ನಾಲ್ವರು. ಅತ್ತೆ ದೇವರ ಮನೆಯ ಕುಂಕುಮ ತಂದು ಮೊದಲು ನನಗೆ, ಆಮೇಲೆ ವಿಮಾನಕ್ಕೆ ಇಟ್ಟರು. ಸಾಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಹೆದರ್ಬೇಡಮ್ಮ. ಮೂವತ್ತು ಎಣಿಸೋಷ್ಟರಲ್ಲಿ ಮದ್ದು ಮುಗಿಯುತ್ತೆ."

"ಮುಗಿದ ಮೇಲೆ?"

"ಅದು ಮೇಸ್ತ್ರಿ ಕೆಲಸ" ಎಂದು ಬತ್ತಿಗಳಿಗೆ ಬೆಂಕಿ ಮುಟ್ಟಿಸಿ ಹಿಂದೆ ಸರಿದರು.

ಆಳುಗಳು ತಳ್ಳಿದರು. ಎಡಗಡೆಯ ಕೊಳವೆ ಭುಸ್ಸೆಂದು ಹತ್ತಿತು. ಬಲಗಡೆಯದು ಹತ್ತಲಿಲ್ಲ. ಇಬ್ಬನಿಗೆ ಅದರ ಬತ್ತಿ ತೇವವಾಗಿತ್ತು ಎಂಬುದು ಆಮೇಲೆ ತಿಳಿದದ್ದು. ನನಗೆ ತಿಳಿದದ್ದು ಇಷ್ಟೇ: ಅಡಿಯಲ್ಲಿ ಗಡಗಡ ಎನ್ನುತ್ತಿದ್ದ ನೆಲ ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು. ಕೆಳಗೆ ನೋಡಿದರೆ ಗದ್ದೆಯ ಕೂಳೆ ಗೆರೆಗೆರೆಯಾಗಿ ಹಿಂದೆ ಸರಿಯುತ್ತಿತ್ತು. ಕೋಲನ್ನು ಹಿಂದಕ್ಕೆ ಎಳೆದೆ. ಕಾರ್ಖಾನೆಯ ಹೊಗೆಕೊಳವೆಗಳು, ಆಚೆ ಹೊಳೆಯ ಮೇಲಿನ ಮಂಜು, ನಮ್ಮ ಸಾಲು ಮನೆಗಳ ಹೆಂಚು, ಎಲ್ಲ ಒಮ್ಮೆಗೇ ಕಂಡವು. ನಾನು ನೇರ ಹೋಗುತ್ತಿರಲಿಲ್ಲ. ಒಂದೇ ಕಡೆಯಿಂದ ತಳ್ಳಿದರೆ ಗಾಡಿ ತಿರುಗುವ ಹಾಗೆ ವಿಮಾನ ಬಲಕ್ಕೆ ದೊಡ್ಡದಾಗಿ ಸುತ್ತಿಕೊಂಡು ಬರುತ್ತಿತ್ತು. ಅತ್ತೆ ಕೆಳಗೆ ಕೈಮುಗಿದು ನಿಂತಿದ್ದರು. ಅವರ ನೆತ್ತಿ ಕಂಡಿತು. ಅದುವರೆಗೆ ನಾನು ಅವರ ನೆತ್ತಿಯನ್ನು ನೋಡಿರಲಿಲ್ಲ. ಪಕ್ಕದಲ್ಲಿ ಯಜಮಾನರು ಎರಡು ಕೈಯನ್ನೂ ಅಗಲಿಸಿ, ನಾನು ಹೋದ ಕಡೆಗೆಲ್ಲ ವಾಲುತ್ತ ಓಡುತ್ತಿದ್ದರು.

ಭಯವಾಗಲಿಲ್ಲವೇ ಎಂದರೆ, ಆಯಿತು. ಆದರೆ ಅದು ಮದ್ದು ಮುಗಿದ ಮೇಲೆ. ಭುಸುಗುಟ್ಟುವುದು ನಿಂತು ಗಾಳಿಯ ಸದ್ದು ಮಾತ್ರ ಉಳಿದಾಗ, ಆ ಸಿಗದೇ ಹೋದ ಪುಟ ನೆನಪಾಯಿತು. ಎದುರಿಗೆ ಗೌಡರ ಕಬ್ಬು. ಕೋಲನ್ನು ಮುಂದೆ ತಳ್ಳಬೇಕೋ ಹಿಂದೆ ಎಳೆಯಬೇಕೋ ಗೊತ್ತಾಗದೆ ಕೈ ಬಿಟ್ಟುಬಿಟ್ಟೆ. ವಿಮಾನ ತಾನೇ ನಿಧಾನವಾಗಿ ತಗ್ಗಿ, ಆಳೆತ್ತರ ಬೆಳೆದು ನಿಂತಿದ್ದ ಕಬ್ಬಿನ ಸುಳಿಗಳ ಮೇಲೆ ಸರಸರ ಜಾರಿ, ಹಗ್ಗದ ಮಂಚದಲ್ಲಿ ಮಲಗಿದ ಹಾಗೆ ಮೆತ್ತಗೆ ನಿಂತಿತು. ನೆಲ ಮುಟ್ಟಲಿಲ್ಲ. ರೆಕ್ಕೆಗಳ ಕೆಳಗೆ ಕಬ್ಬು ಬಾಗಿ ಹೊತ್ತುಕೊಂಡಿತ್ತು. ನಾನು ಅದರ ಮೇಲೆ ಕೂತಿದ್ದೆ. ಒಂದು ತರಚು ಗಾಯವೂ ಆಗಿರಲಿಲ್ಲ.

ಕಬ್ಬಿನ ಒಳಗೆ ನುಗ್ಗಿದವರಿಗೆ ನಾನು ಕಾಣುತ್ತಿರಲಿಲ್ಲ. ಯಜಮಾನರ ದನಿ ಮಾತ್ರ ಕೆಳಗೆಲ್ಲೋ ಓಡಾಡುತ್ತಿತ್ತು.

"ಎಲ್ಲಿದೀಯ ಮಾರಾಯ್ತಿ?"

"ಮೇಲಿದ್ದೀನಿ."

"ಮೇಲೆ ಅಂದ್ರೆ ಎಷ್ಟು ಮೇಲೆ?"

"ನನ್ನ ಹತ್ರ ಅಳತೆ ಕಡ್ಡಿ ಇಲ್ಲ" ಅಂದೆ. ಆ ಹೊತ್ತಿನಲ್ಲಿ ನನಗೆ ಹಾಗೆ ಮಾತಾಡುವಷ್ಟು ಧೈರ್ಯ ಬಂದಿತ್ತು.

ಆಗಲೇ ಬಲಗಡೆಯಿಂದ ಹೊಗೆಯ ವಾಸನೆ ಬಂತು. ಹತ್ತದೆ ಉಳಿದ ಕೊಳವೆಯ ಬತ್ತಿ, ಒಳಗೊಳಗೇ ಕುಮುಲಿ, ಈಗ ಸಣ್ಣಗೆ ಹೊಗೆಯಾಡುತ್ತಿತ್ತು. ಅದು ಹತ್ತಿದರೆ ಒಣಗಿದ ತರಗಿಗೆ ಬೆಂಕಿ ಬೀಳುತ್ತದೆ, ಕೆಳಗೆ ಮೂರು ನಾಲ್ಕು ಜನ ಇದ್ದಾರೆ. ನಡುವಿನ ಹಗ್ಗ ಬಿಚ್ಚಿ, ರೆಕ್ಕೆಯ ಬಿದಿರಿನ ಮೇಲೆ ತೆವಳಿಕೊಂಡು ಹೋಗಿ, ಕೊಳವೆಯ ಕಟ್ಟು ಕಿತ್ತು, ಕಬ್ಬಿನ ಅಂಚಿಗೆ ಇದ್ದ ಕಾಲುವೆ ರಸ್ತೆಗೆ ಬೀಸಿ ಎಸೆದೆ. ರಸ್ತೆಯ ಮೇಲೆ ಬಿದ್ದ ಮೇಲೆ ಅದಕ್ಕೆ ಜೀವ ಬಂತು. ನೆಲದ ಮೇಲೇ ಹಾವಿನ ಹಾಗೆ ಸೊಟ್ಟಸೊಟ್ಟ ಓಡತೊಡಗಿತು. ಅದೇ ಹೊತ್ತಿಗೆ ಆ ರಸ್ತೆಯಲ್ಲಿ ದೊಡ್ಡ ಎಂಜಿನಿಯರ ಕಾರು ಬಂತು. ಇಲ್ಲಿಯ ಸುದ್ದಿ ಅವರಿಗೂ ಮುಟ್ಟಿತ್ತು. ಕೊಳವೆ ಕಾರಿನ ಅಡಿಯಲ್ಲಿ ನುಸುಳಿ, ಹಿಂದಿನಿಂದ ಹೊರಬಂದು, ಕಾಲುವೆಗೆ ಬಿದ್ದು ಬುಳುಬುಳು ಎಂದು ಆರಿಹೋಯಿತು. ಎಂಜಿನಿಯರು ಕಾರಿನ ಬಾಗಿಲು ತೆರೆದು, ಒಂದು ಕಾಲು ಕೆಳಗಿಟ್ಟು, ಮೊದಲು ಕಾಲುವೆಯನ್ನೂ ಆಮೇಲೆ ಕಬ್ಬಿನ ಮೇಲೆ ತಲೆಗೆ ಪಂಚೆ ಸುತ್ತಿಕೊಂಡು ನಿಂತಿದ್ದ ನನ್ನನ್ನೂ ನೋಡಿದರು.

"ಯಾರಮ್ಮ ನೀನು?"

"ಮರಗೆಲಸದ ಮೇಸ್ತ್ರಿ ಮನೆಯವಳು."

"ಅಲ್ಲಿ ಏನು ಮಾಡ್ತಿದ್ದೀಯ?"

"ಇಳಿಯೋಕೆ ಕಾಯ್ತಿದ್ದೀನಿ" ಅಂದೆ.

ಗೌಡರ ಮನೆಯಿಂದ ಏಣಿ ತಂದು ನನ್ನನ್ನು ಇಳಿಸಿದರು. ಕಬ್ಬು ಮುರಿದದ್ದಕ್ಕೆ ಗೌಡರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬರುವವರಿಗೆಲ್ಲ ಜಾಗ ತೋರಿಸುವುದರಲ್ಲಿ ಮುಳುಗಿದ್ದರು.

ಮರುದಿನ ಎಂಜಿನಿಯರು ಯಜಮಾನರನ್ನು ಕರೆಸಿದರು. ಕೆಲಸ ಹೋಯಿತು ಎಂದು ಅತ್ತೆ ಬೆಳಗಿನಿಂದ ಒಲೆಯನ್ನೂ ಹಚ್ಚಿರಲಿಲ್ಲ. ಎಂಜಿನಿಯರು ಬಾಗಿಲು ಹಾಕಿಸಿ ನಕ್ಷೆ ಕೇಳಿದರಂತೆ. ಅರ್ಧ ಗಂಟೆ ನೋಡಿ, ಬಾಲ ಚಿಕ್ಕದಾಯಿತು, ಪಕ್ಕಕ್ಕೆ ತಿರುಗಿಸುವ ಪಟ್ಟಿಯೇ ಇಲ್ಲ, ಹೆಂಗಸು ಬದುಕಿದ್ದು ಪುಣ್ಯ ಎಂದು ಬೈದು, ನಕ್ಷೆಯ ಮೇಲೆ ತಾವೇ ಕೆಂಪು ಪೆನ್ಸಿಲಿನಲ್ಲಿ ತಿದ್ದಿಕೊಟ್ಟರಂತೆ. ಆಮೇಲೆ ಕಾರ್ಖಾನೆಯ ಬಾಗಿಲಿಗೆ ನೋಟಿಸು ಹಚ್ಚಿಸಿದರು: ಕಾರ್ಖಾನೆಯ ನೌಕರರು ಯಾರೂ ಹಾರತಕ್ಕದ್ದಲ್ಲ. ಅದನ್ನು ಓದಿದ ಯಜಮಾನರು ನೇರ ಅವರ ಕೋಣೆಗೆ ಹೋಗಿ, ತಮ್ಮ ಹೆಂಡತಿ ನೌಕರಳಲ್ಲ ಎಂದು ವಿನಯದಿಂದ ತಿಳಿಸಿ ಬಂದರು. ಸಂಜೆಯೊಳಗೆ ನೋಟಿಸಿನಲ್ಲಿ "ಅವರ ಕುಟುಂಬದವರೂ" ಎಂದು ಶಾಯಿಯಲ್ಲಿ ಸೇರಿಸಿದ್ದರು.

ಆ ವಾರ ಅಕ್ಕಪಕ್ಕದ ಹೆಂಗಸರು ನೀರಿಗೆ ಬಂದಾಗ ಕೊಡ ಇಟ್ಟು ಕೂತುಬಿಡುತ್ತಿದ್ದರು. ಹೇಗಿತ್ತು ಎಂದು ಕೇಳುವರು. ನಾನು ಹೊಳೆ ಕಂಡಿತು, ಹೆಂಚು ಕಂಡಿತು ಎನ್ನುವೆ. ಅದನ್ನು ಕೇಳುವುದಕ್ಕೆ ಬಂದವರಲ್ಲ ಅವರು. ಮುಖ ನೋಡುತ್ತಾ ಇರುವರು. ಉಳಿದದ್ದನ್ನು ಹೇಳುವುದಕ್ಕೆ ನನಗೆ ಬರಲಿಲ್ಲ. ಅತ್ತೆ ಮಾತ್ರ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ, ಮೊರದಿಂದ ತಲೆ ಎತ್ತದೆ, "ಅಷ್ಟು ಮೇಲಿಂದ ನೋಡಿದಾಗ ನಾನು ಅಳ್ತಿದ್ದದ್ದು ಗೊತ್ತಾಯ್ತಾ?" ಅಂದರು. ಇಲ್ಲ ಅಂದೆ. "ಸದ್ಯ" ಎಂದು ಮತ್ತೆ ಅಕ್ಕಿ ಆರಿಸಿದರು.

ವಿಮಾನವನ್ನು ಬಿಚ್ಚಿದೆವು. ಬೇವಿನೆಣ್ಣೆಯ ಬಟ್ಟೆ ಯಾವುದಕ್ಕೂ ಬರಲಿಲ್ಲ, ಬಿದಿರು ಅವರೆ ಚಪ್ಪರವಾಯಿತು. ಕೆಂಪು ಪೆನ್ಸಿಲಿನ ನಕ್ಷೆಯನ್ನು ಯಜಮಾನರು ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಯುದ್ಧದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ವಿಮಾನದ ಕೆಲಸಕ್ಕೆ ನುರಿತ ಮರಗೆಲಸದವರು ಬೇಕಾಗಿದ್ದಾರೆ ಎಂದು ತಿಳಿದು, ಆ ನಕ್ಷೆ ಹಿಡಿದು ಹೋದರು. ಅಲ್ಲಿಯ ಅಧಿಕಾರಿ ಅದನ್ನು ನೋಡಿ, ನೀವು ಇದರಲ್ಲಿ ಹಾರಿದ್ದೀರಾ ಎಂದು ಕೇಳಿದರಂತೆ. ಇಲ್ಲ, ನನ್ನ ಹೆಂಡತಿ ಹಾರಿದ್ದಾಳೆ ಎಂದರಂತೆ. ಇದು ಹುಡುಗಾಟದ ಜಾಗವಲ್ಲ ಎಂದು ಅವರು ಮೊದಲು ಸಿಟ್ಟಾದರು. ಆಮೇಲೆ ಒಂದು ಮರದ ತುಂಡು ಕೊಟ್ಟು ಕೆತ್ತಲು ಹೇಳಿ, ಸಂಜೆಗೆ ಕೆಲಸ ಕೊಟ್ಟರು. ಮೂರು ವರ್ಷ ಅಲ್ಲಿದ್ದೆವು. ನಮ್ಮ ಬಾಡಿಗೆ ಮನೆಯ ಮೇಲೆ ದಿನಕ್ಕೆ ಹತ್ತು ಸಲ ವಿಮಾನ ಹೋಗುತ್ತಿತ್ತು. ಅತ್ತೆ ಅಂಗಳಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಅದರಲ್ಲಿ ಕೂತೋರ ಮನೆಯವರು ಎಲ್ಲಿರ್ತಾರೋ" ಎಂದು ಒಳಗೆ ಹೋಗುತ್ತಿದ್ದರು.